ತಾತನ ಮಂಕಿ ಕ್ಯಾಪ್ ಹಾಕಿಕೊಂಡ ಪಾತ್ರೆ

ನಮ್ಮ ತಾತನ ತಲೆಯೂ ನನ್ನ ಟ್ರೆಕಿಂಗ್ ಪಾತ್ರೆಯೂ ಒಂದೇ ಅಳತೆ. ಇದು ನನಗೆ ಗೊತ್ತಾಗಿದ್ದು ತಾತ ಹೋದ ಒಂದೂವರೆ ವರ್ಷದ ಮೇಲೆ, ವಿಜಯನಗರದ ನಮ್ಮ ಮನೆಯ ಟ್ರಂಕು ತೆರೆದು ಅವರ ಮಂಕಿ ಕ್ಯಾಪನ್ನು ಕದ್ದ ದಿನ.

ಗುಡ್ಡ ಹತ್ತುವವರು ಗ್ಯಾಸ್ ಉಳಿಸೋಕೆ ಪಾತ್ರೆಗೊಂದು ಕುಲಾವಿ ಮಾಡಿಕೊಳ್ಳುತ್ತಾರೆ. ನೀರು ಕುದಿಸಿ, ಹುರಿದ ರವೆ ಸುರಿದು, ಒಲೆ ಆರಿಸಿ, ಪಾತ್ರೆಯನ್ನು ಆ ಕುಲಾವಿಯೊಳಗೆ ಕೂರಿಸಿಬಿಟ್ಟರೆ ಹದಿನೈದು ನಿಮಿಷದಲ್ಲಿ ತನ್ನ ಬಿಸಿಗೆ ತಾನೇ ಬೇಯುತ್ತದೆ. ಷರತ್ತು ಒಂದೇ: ನಡುವೆ ಮುಚ್ಚಳ ತೆಗೆಯಬಾರದು. ಅಂಗಡಿಯಲ್ಲಿ ಕೊಳ್ಳಬಹುದಿತ್ತು. ಆದರೆ ನಾನು ಸ್ವಂತ ಬುದ್ಧಿ ಇರುವವನು. ಕಾರಿನ ಗಾಜಿಗೆ ಬಿಸಿಲು ತಡೆಯಲು ಹಾಕುವ ಬೆಳ್ಳಿ ಬಣ್ಣದ ಹಾಳೆ ತಂದು ಪಾತ್ರೆಯ ಅಳತೆಗೆ ಅಂಟಿಸಿ ಒಳಪದರ ಮಾಡಿದೆ. ಹೊರಗೆ ಉಣ್ಣೆ ಬೇಕಿತ್ತು. ತಾತನ ಕಂದು ಕ್ಯಾಪಿನ ಕುತ್ತಿಗೆ ಭಾಗ ಕತ್ತರಿಸಿ, ಎಳೆದು ಪಾತ್ರೆಯ ಮೇಲೆ ಹಾಕಿದೆ. ಒಂದು ಎಳೆಯೂ ಸಡಿಲವಿಲ್ಲದೆ ಕೂತಿತು. ಮುಖ ಇರಬೇಕಾದ ತೂತಿನಲ್ಲಿ ಬೆಳ್ಳಿ ಹಾಳೆ ಹೊಳೆಯುತ್ತಿತ್ತು. ಬಗ್ಗಿ ನೋಡಿದರೆ ನನ್ನದೇ ಮುಖ, ಸೊಟ್ಟಗೆ.

ಅಜ್ಜಿಯನ್ನು ಯಾಕೆ ಕೇಳಲಿಲ್ಲ ಅಂದರೆ, ಕೇಳಿದ್ದರೆ ಕೊಡುತ್ತಿರಲಿಲ್ಲ.

ನಾನು ಮಿಮಿಕ್ರಿ ಮಾಡುವವನು. ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಹೇಳುವ ಹೆಂಗಸಿನಿಂದ ಹಿಡಿದು ನಮ್ಮ ಬೀದಿಯ ಸೊಪ್ಪಿನವನ ತನಕ ಯಾರನ್ನೂ ಬಿಟ್ಟಿಲ್ಲ. ಕನ್ನಡಿ ಮುಂದೆ ತಲೆ ಬಾಚಿಕೊಳ್ಳುವ ನನ್ನನ್ನೂ ಮಾಡಿ ತೋರಿಸುತ್ತೇನೆ, ಅದಕ್ಕೇ ಜಾಸ್ತಿ ನಗು ಬೀಳುವುದು. ತಾತ ಬದುಕಿದ್ದಾಗ ಅವರದ್ದು ನನ್ನ ಬೆಸ್ಟ್ ಐಟಂ. ಒಲೆಯ ಮೇಲೆ ಏನಿದ್ದರೂ ಅವರು ಅಡುಗೆಮನೆ ಬಾಗಿಲಿಗೆ ಬಂದು "ಆಯ್ತೇನೇ?" ಅನ್ನುತ್ತಿದ್ದರು. ಕೊನೆಯ 'ನೇ' ಮೂಗಿನಲ್ಲಿ ಸ್ವಲ್ಪ ಹೊತ್ತು ಉಳಿಯುತ್ತಿತ್ತು. ಅಜ್ಜಿ ತಿರುಗದೇ "ಇನ್ನೈದ್ ನಿಮಿಷ, ಮುಚ್ಚಳ ಮುಟ್ಬೇಡಿ" ಅನ್ನುವಷ್ಟರಲ್ಲಿ ಮುಚ್ಚಳ ತಾತನ ಕೈಯಲ್ಲಿರುತ್ತಿತ್ತು.

ಅವರು ಹೋದ ಮೇಲೆ ಆ ದನಿ ನನಗೆ ಬರುವುದು ನಿಂತುಹೋಯಿತು. ಒಂದು ಸಂಜೆ ಅಜ್ಜಿಯೇ "ಒಂದ್ಸಲ ಅವ್ರ ಥರ ಅನ್ನೋ" ಎಂದು ಕೇಳಿದರು. ಅಂದೆ. ಅಜ್ಜಿ "ಇವ್ನ್ಯಾರೋ ಬೇರೆ ಮುದುಕ ಕಣೋ" ಅಂದರು.

ಕುಲಾವಿಯ ಪರೀಕ್ಷೆಗೆ ಮಾಗಡಿ ರಸ್ತೆಯಾಚೆಯ ಒಂದು ಗುಡ್ಡಕ್ಕೆ ಹೋದೆವು. ಜೊತೆಗೆ ಬಂದವನು ಮಹಡಿ ಮೇಲಿನ ಬಾಡಿಗೆ ರೂಮಿನವನು, ವಿಜಯಪುರದ ಕಡೆಯವನು, ಬೈಕಿನಲ್ಲಿ ಊಟ ಡೆಲಿವರಿ ಮಾಡುವವನು. ನಮ್ಮಲ್ಲಿಗೆ ಬಂದು ಆರು ತಿಂಗಳಾಗಿತ್ತು. ತಾತನನ್ನು ಅವನು ನೋಡಿಲ್ಲ. ಬೆಳಗಿನ ಒಂಬತ್ತು ಗಂಟೆ, ಒಳ್ಳೆ ಬಿಸಿಲು. ಬಂಡೆಯ ಮೇಲೆ ನೀರು ಕುದಿಸಿ, ರವೆ ಹಾಕಿ, ಪಾತ್ರೆಗೆ ಕ್ಯಾಪ್ ತೊಡಿಸಿ ಇಟ್ಟೆ. ಮುಖದ ತೂತಿನಿಂದ ಹಬೆ ಒಂದೊಂದೇ ಎಳೆಯಾಗಿ ಬರತೊಡಗಿತು, ಚಳಿಯಲ್ಲಿ ಯಾರೋ ಉಸಿರಾಡಿದ ಹಾಗೆ.

"ಅಜ್ಜಾರು ಕುಂತಂಗ ಐತಲ್ಲೋ ಮಾರಾಯಾ," ಅಂದ ಅವನು. "ಊಟ ತಡ ಆತು ಅಂತ ಬೈಯಾಕ ಹತ್ತ್ಯಾರ. ಒಂದ್ ಸ್ಟಾರ್ ಕೊಡ್ತಾರ ನೋಡು."

ನಾನು ಚಿಕ್ಕಿ ಕಚ್ಚುತ್ತಾ ಕೆಳಗಿನ ಕೆರೆ ನೋಡುತ್ತಿದ್ದೆ. ಅವನು ಬೆನ್ನು ಮಾಡಿ ಶೂ ಲೇಸ್ ಕಟ್ಟುತ್ತಿದ್ದ.

"ಲೇ, ಇನ್ನೊಮ್ಮೆ ಅನ್ನು," ಅಂದ. "ಭಾಳ ಚಲೋ ತಗದಿ ಧ್ವನಿ."

"ಯಾವ ಧ್ವನಿ?"

"ಅದ, 'ಆಯ್ತೇನೇ' ಅಂದಿಯಲ್ಲ. ಮೂಗಿನ್ಯಾಗ."

ನನ್ನ ಬಾಯಿ ತುಂಬ ಚಿಕ್ಕಿ ಇತ್ತು. ತೆರೆದು ತೋರಿಸಿದೆ. ಅವನು ನಕ್ಕು, ನನ್ನ ಮುಖ ನೋಡಿ ನಗು ನಿಲ್ಲಿಸಿದ. ನಿಜ ಹೇಳಬೇಕೆಂದರೆ ನನಗೆ ಮೊದಲು ಆಗಿದ್ದು ಹೆದರಿಕೆಯಲ್ಲ, ಹೊಟ್ಟೆಕಿಚ್ಚು: ನನಗೆ ಬಾರದ ದನಿ ಇನ್ಯಾರಿಗೋ ಬಂತಲ್ಲ ಅಂತ. ಹೆದರಿಕೆ ಬಂದದ್ದು ಗುಡ್ಡ ಇಳಿಯುವಾಗ, ಪಾತ್ರೆ ಬೆನ್ನಿನ ಬ್ಯಾಗಿನಲ್ಲಿದ್ದಾಗ. ತೊಳೆದು ಒರೆಸಿಟ್ಟಿದ್ದೆ. ಆದರೂ ಬೆನ್ನಿಗೆ ಬೆಚ್ಚಗೆ ತಾಗುತ್ತಿತ್ತು. ಬಿಸಿಲಿಗೆ ಇರಬೇಕು ಅಂದುಕೊಂಡೆ.

ಮನೆಗೆ ಬಂದರೆ ಟ್ರಂಕು ಬಾಯಿ ತೆರೆದಿತ್ತು, ಬಟ್ಟೆಯೆಲ್ಲ ನೆಲದ ಮೇಲೆ. ನಡುವೆ ಅಜ್ಜಿ.

ಮಹಾಲಯ ಅಮಾವಾಸ್ಯೆಗೆ ನಾಲ್ಕು ದಿನ ಇತ್ತು. ವರ್ಷ ತುಂಬಿದ ಮೇಲೆ ತಾತನಿಗೆ ಇಡುವ ಮೊದಲ ಎಡೆ. ನಮ್ಮ ಮನೆಯಲ್ಲಿ ಹೋದವರಿಗೆ ಇಷ್ಟವಾದ ಅಡುಗೆಯೆಲ್ಲ ಬಾಳೆಲೆಯಲ್ಲಿ ಬಡಿಸಿ, ಪಕ್ಕದಲ್ಲಿ ಅವರ ಬಟ್ಟೆ ಇಟ್ಟು, ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಹೊರಗೆ ಕೂರುತ್ತೇವೆ. ಅವರು ಬಂದು ಉಣ್ಣುವಷ್ಟು ಹೊತ್ತು ಬಿಟ್ಟು, ಕೈ ತಟ್ಟಿ ಒಳಗೆ ಹೋಗುವುದು. ಪಂಚೆ, ಶಲ್ಯ, ಕನ್ನಡಕ ಎಲ್ಲ ಸಿಕ್ಕಿತ್ತು. ಕ್ಯಾಪ್ ಸಿಕ್ಕಿರಲಿಲ್ಲ.

"ನೀನೇನಾದ್ರೂ ನೋಡಿದ್ಯೇನೋ?"

"ಇಲ್ಲ ಅಜ್ಜಿ."

ಹೇಳಿದ್ದು ಅಷ್ಟೇ. ಮಾರನೇ ದಿನ ಅಜ್ಜಿ ಮಂಚದ ಕೆಳಗೆ, ಅಟ್ಟದ ಮೇಲೆ, ಅಕ್ಕಿ ಡಬ್ಬದೊಳಗೆ ಕೂಡ ಹುಡುಕಿದರು. ಅದರ ಮಾರನೇ ದಿನ ಹುಡುಕುವುದನ್ನು ಬಿಟ್ಟರು. "ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡೋಳು ಬಂದಿದ್ಲಲ್ಲ, ನಾನೇ ಅವಳ ಗಂಟಿಗೆ ಹಾಕ್ಬಿಟ್ಟಿದೀನಿ" ಅಂದರು. "ಹಾಕಿದ್ದು ನೆನಪೇ ಇಲ್ಲ ಕಣೋ. ನಮ್ಮಕ್ಕಂಗೂ ಹೀಗೇ ಶುರುವಾಗಿದ್ದು. ಕಡೇಗೆ ಮಕ್ಕಳ ಮುಖಾನೂ ಗೊತ್ತಾಗ್ತಿರ್ಲಿಲ್ಲ." ಹೇಳುತ್ತಾ ಒಂದೊಂದೇ ಬೆರಳು ಮಡಿಸಿ ಮನೆಯವರ ಹೆಸರನ್ನೆಲ್ಲ ಮೆಲ್ಲಗೆ ಹೇಳಿಕೊಂಡರು. ನನ್ನ ಹೆಸರು ಬಂದಾಗ ತಲೆಯೆತ್ತಿ ಸರಿಯೇ ಅನ್ನುವಂತೆ ನನ್ನ ಕಡೆ ನೋಡಿದರು.

ಅಮಾವಾಸ್ಯೆಯ ದಿನ ಮಧ್ಯಾಹ್ನ ಎಲೆ ಹಾಕುವಾಗ ತಂದು ಮುಂದಿಟ್ಟೆ. ಕ್ಯಾಪ್, ಒಳಗೆ ಪಾತ್ರೆ, ಕತ್ತರಿಸಿದ ಅಂಚು, ಎಲ್ಲ ಇದ್ದ ಹಾಗೇ.

"ನೀನು ಮರೆತಿಲ್ಲ ಅಜ್ಜಿ. ನಾನು ಕದ್ದಿದ್ದು."

ಬೈಯುತ್ತಾರೆ ಅಂತ ಕಾದೆ. ಅಜ್ಜಿ ಕತ್ತರಿಸಿದ ಅಂಚನ್ನು ಹೆಬ್ಬೆರಳಿನಿಂದ ಸವರಿದರು. ಮುಖದ ತೂತಿನೊಳಗೆ ಬಗ್ಗಿ ನೋಡಿದರು. ಉಸಿರು ಬಿಟ್ಟರು. "ಅಂದ್ರೆ ನಂಗೇನೂ ಆಗಿಲ್ಲ," ಅಂದರು. ಆಮೇಲೆ, "ಕತ್ತೆ. ಪಾಯಸ ಇದ್ರಲ್ಲೇ ಹಾಕು. ಬಿಸಿ ಇಲ್ದಿದ್ರೆ ಮುಟ್ಟಲ್ಲ ಅವ್ರು."

ಕುದಿಯುವ ಪಾಯಸ ಸುರಿದು, ಮುಚ್ಚಳ ಬಿಗಿದು, ಕ್ಯಾಪ್ ಎಳೆದು ಎಲೆಯ ಪಕ್ಕ ಕೂರಿಸಿದೆ. ಬಾಗಿಲು ಮುಂದೆ ಮಾಡಿಕೊಂಡು ನಾನೂ ಅಜ್ಜಿಯೂ ಹೊರಗೆ ನಡುಮನೆಯಲ್ಲಿ ಕೂತೆವು. ಅಪ್ಪ ಅಮ್ಮ ಕಾಗೆಗೆ ಇಡಲು ಮಹಡಿಗೆ ಹೋಗಿದ್ದರು. ಬೀದಿಯಲ್ಲಿ ಒಂದು ಸ್ಕೂಟರೂ ಇಲ್ಲ. ತಪ್ಪಿಗೆ ಬದಲಾಗಿ ಒಂದು ಸಲವಾದರೂ ಆ ದನಿ ಕೊಡೋಣ ಅಂತ ಬಾಯಿ ತೆರೆದೆ. ಗಂಟಲಲ್ಲಿ ಏನೂ ಇರಲಿಲ್ಲ. ಮುಚ್ಚಿದೆ.

ಅಜ್ಜಿ ಬಾಗಿಲ ಕಡೆ ತಿರುಗದೇ, ಸೆರಗು ಸರಿಮಾಡಿಕೊಳ್ಳುತ್ತಾ, "ಇನ್ನೈದ್ ನಿಮಿಷ, ಮುಚ್ಚಳ ಮುಟ್ಬೇಡಿ" ಅಂದರು.

ನನಗೆ ಏನೂ ಕೇಳಿಸಿರಲಿಲ್ಲ.

ಆಮೇಲೆ ನನ್ನ ಮೊಣಕಾಲಿಗೆ ಮೆತ್ತಗೆ ಹೊಡೆದು, "ಈಗ ಸರಿಯಾಗ್ ಬಂತು ಕಣೋ. ಅವ್ರೇ," ಅಂದರು. ನಗುತ್ತಿದ್ದರು. ನಗುವಿನ ಕೊನೆಯಲ್ಲಿ ಕಣ್ಣು ಒಂದು ಕ್ಷಣ ನನ್ನ ತುಟಿಯ ಮೇಲೆ ನಿಂತಿತು. "ನೀನೇ ತಾನೇ ಅಂದಿದ್ದು?"

ಬೆರಳು ಮಡಿಸಿ ಹೆಸರು ಹೇಳಿಕೊಳ್ಳುತ್ತಿದ್ದ ಅಜ್ಜಿ ನೆನಪಾದರು.

"ಹೂಂ ಅಜ್ಜಿ," ಅಂದೆ. "ನಾನೇ."

ಕೈ ತಟ್ಟಿ ಒಳಗೆ ಹೋದೆವು. ಎಲೆಯ ಮೇಲಿನದೆಲ್ಲ ಇಟ್ಟ ಹಾಗೇ ಇತ್ತು. ಕ್ಯಾಪೂ ಹಾಗೇ ಇತ್ತು. ಎಳೆದು ತೆಗೆದೆ. ಒಳಗೆ ಮುಚ್ಚಳ ಒಂದು ಬೆರಳಿನಷ್ಟು ಸರಿದಿತ್ತು. ಪಾಯಸದ ಮೇಲೆ ಕೆನೆ ಕಟ್ಟಿ ತಣ್ಣಗಾಗಿತ್ತು. ನಾನು ಬಿಗಿಯಾಗಿ ಹಾಕಿರಲಿಲ್ಲವೇನೋ.

ರಾತ್ರಿ ಊಟಕ್ಕೆ ಕೂತಾಗ ಅಜ್ಜಿ "ಇನ್ನೊಂದ್ಸಲ ಅನ್ನೋ" ಅಂದರು. ಗಂಟಲು ಕೆಟ್ಟಿದೆ ಅಂದೆ. ಈಗಲೂ ಕೇಳುತ್ತಾರೆ. ದಿನಾ ಮಹಡಿ ಹತ್ತಿ, ನೀರಿನ ಟ್ಯಾಂಕಿಗೆ ಮುಖ ಮಾಡಿ ಅಭ್ಯಾಸ ಮಾಡುತ್ತೇನೆ. ಬಾಡಿಗೆಯವನು ಕಿಟಕಿಯಿಂದ "ಅಲ್ಲಲೇ, ಹಂಗಲ್ಲ, ಗುಡ್ಡದ ಮ್ಯಾಲಿನಂಗ" ಎಂದು ತಿದ್ದುತ್ತಾನೆ.