ಹಮ್ಮಣ್ಣನ ಹೇಳಿಕೆ

ಮೊನ್ನೆ ಕೋಡಿಬಾಗದಲ್ಲಿ, ಕಾಳಿ ಸೇತುವೆ ಇಳಿದು ಕಾರವಾರದ ಕಡೆ ಬರುವಲ್ಲಿ, ಎಳೆ ಮೀಸೆಯ ಪೊಲೀಸನೊಬ್ಬ ನನ್ನನ್ನು ಕೈಮಾಡಿ ಕರೆದ. ಅವನ ಎದುರು ಗೋವೆಯ ಬಾಡಿಗೆ ಸ್ಕೂಟರಿನ ಮೇಲೆ ಒಬ್ಬ ವಿದೇಶಿ ಹೆಂಗಸು ಕೂತಿದ್ದಳು. ಬಿಸಿಲಿಗೆ ಕೆಂಪಗಾದ ಭುಜ, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಯಾವುದೋ ಕಾರ್ಡು. ಇವನು ಲೈಸನ್ಸು ಕೇಳುತ್ತಿದ್ದ, ಅವಳು ಏನೋ ವಿವರಿಸುತ್ತಿದ್ದಳು. ಸರ್, ಸ್ವಲ್ಪ ಇಂಗ್ಲಿಷ್ ಬರ್ತದಾ ಎಂದು ಅವನು ನನ್ನನ್ನು ಕೇಳಿದ. ಬರೋದಿಲ್ಲ ಎಂದೆ.

ಮೂವತ್ತು ವರ್ಷ ಇದೇ ಊರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನು ನಾನು. ಪೊಲೀಸ ನನ್ನ ಕನ್ನಡಕ, ಇಸ್ತ್ರಿ ಮಾಡಿದ ಅಂಗಿ, ಕಿಸೆಯ ಪೆನ್ನು ಎಲ್ಲವನ್ನೂ ಒಮ್ಮೆ ನೋಡಿ, ನಂಬದೆ, ತನ್ನ ಮೊಬೈಲು ತೆಗೆದ. ಅದು ಇಬ್ಬರ ಮಾತನ್ನೂ ಒಂದೇ ದನಿಯಲ್ಲಿ ಅನುವಾದಿಸತೊಡಗಿತು. ನಾನು ಸೇತುವೆಯ ಕೆಳಗಿನ ನೀರನ್ನು ಬಹಳ ಆಸಕ್ತಿಯಿಂದ ನೋಡುವವನ ಹಾಗೆ ನಡೆದುಬಿಟ್ಟೆ.

ಆ ಸುಳ್ಳು ಎಲ್ಲಿಂದ ಬಂತೆಂದು ನಿಮಗೆ ಹೇಳಬೇಕು. ಆದರೆ ಮೊದಲೇ ಒಂದು ಎಚ್ಚರಿಕೆ. ಇದರ ಒಂದು ಭಾಗವನ್ನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಕೇಳಿದವರು ನಕ್ಕಿದ್ದಾರೆ, ನಕ್ಕ ಜಾಗದಲ್ಲೆಲ್ಲ ಮುಂದಿನ ಸಲ ನಾನು ಇನ್ನೊಂದಿಷ್ಟು ಸೇರಿಸಿದ್ದೇನೆ. ಆದ್ದರಿಂದ ಈ ಬರಹದಲ್ಲಿ ನಾನು ಎಲ್ಲಿಯಾದರೂ ಒಳ್ಳೆಯವನಾಗಿ ಕಂಡರೆ ದಯವಿಟ್ಟು ಅನುಮಾನಿಸಿ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಪ್ರತಿ ಶನಿವಾರ ಮಧ್ಯಾಹ್ನ ನಾನು ಕಾರವಾರದಿಂದ ಅಂಕೋಲೆಗೆ, ತಾಯಿಯ ಮನೆಗೆ, ಹೋಗುತ್ತಿದ್ದೆ. ಬಸ್ಸಿಗಿಂತ ಟೆಂಪೋ ಬೇಗ ಸಿಗುತ್ತಿತ್ತು. ಅವರ್ಸಾದ ಹಮ್ಮಣ್ಣ ಓಡಿಸುವ ಟೆಂಪೋದಲ್ಲಿ ಮುಂದಿನ ಸೀಟು ನನ್ನದೆಂದೇ ಆಗಿಹೋಗಿತ್ತು. ಬೇರೆ ಯಾರಾದರೂ ಕೂತಿದ್ದರೆ, ಮಾಸ್ತರ್ರು ಬಂದ್ರು, ಹಿಂದೆ ಹೋಗಿ ಎಂದು ಎಬ್ಬಿಸುತ್ತಿದ್ದ. ನಾನು ಬೇಡ ಬೇಡ ಎನ್ನುತ್ತ ಕೂತುಕೊಳ್ಳುತ್ತಿದ್ದೆ.

ಮಾಸ್ತರ ಮೇಲಿನ ಭಕ್ತಿಯಷ್ಟೇ ಅಲ್ಲ, ಅವನಿಗೂ ನನ್ನಿಂದ ಕೆಲಸವಿತ್ತು. ಅವನ ಭಾವ ಮಸ್ಕತ್ತಿನಲ್ಲಿದ್ದ. ಅಲ್ಲಿಯ ಒಂದು ಮನೆಗೆ ಡ್ರೈವರ್ ಆಗಿ ಹಮ್ಮಣ್ಣನನ್ನು ಕರೆಸಿಕೊಳ್ಳಲು ಕಾಗದಪತ್ರ ನಡೆಸಿದ್ದ. ಎರಡು ವರ್ಷ ಅಲ್ಲಿ ದುಡಿದು ಬಂದು, ಇನ್ನೊಬ್ಬರ ಟೆಂಪೋ ಬಿಟ್ಟು ತನ್ನದೇ ಒಂದು ಕೊಳ್ಳುವುದು ಹಮ್ಮಣ್ಣನ ಲೆಕ್ಕಾಚಾರ. ಅದಕ್ಕೆ ಬೇಕಾದದ್ದು ಕಪ್ಪು ಚುಕ್ಕೆ ಇಲ್ಲದ ಲೈಸನ್ಸು. ಅದು ಅವನಲ್ಲಿತ್ತು. ಉಳಿದದ್ದು, ಅಲ್ಲಿಗೆ ಹೋದಮೇಲೆ ಅಲ್ಲಿಯ ಪೊಲೀಸರ ಮುಂದೆ ಕೊಡಬೇಕಾದ ಪರೀಕ್ಷೆ. ಬಿನಗಾ ದಾಟುವ ಹೊತ್ತಿಗೆ ಶುರುಮಾಡಿದರೆ ಅವರ್ಸಾ ಬರುವ ತನಕ ನಾನು ಅವನಿಗೆ ರಸ್ತೆ ಫಲಕಗಳ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಅವನು ಗೇರು ಬದಲಿಸುತ್ತ ಅದನ್ನು ಬಾಯಿಪಾಠ ಮಾಡುತ್ತಿದ್ದ.

ಮಸ್ಕತ್ತಿನಲ್ಲಿ ಗಾಡಿಗಳು ರಸ್ತೆಯ ಬಲಬದಿಯಲ್ಲಿ ಹೋಗುತ್ತವೆಂಬುದು ಅವನ ದೊಡ್ಡ ಚಿಂತೆ. ಪದ ಕಲಿಯಬಹುದು, ಕೈಗೆ ಹೇಗೆ ಕಲಿಸುವುದು? ಅದಕ್ಕೆ ಅವನೊಂದು ದಾರಿ ಕಂಡುಕೊಂಡ. ಅವರ್ಸಾದ ಸಮುದ್ರ ಇಳಿದ ಹೊತ್ತಿನಲ್ಲಿ ನೀರಂಚಿನ ಮರಳು ಗಟ್ಟಿಯಾಗಿರುತ್ತದಲ್ಲ, ಅಲ್ಲಿ ಒಣ ತೆಂಗಿನ ಮಡಲುಗಳನ್ನು ಸಾಲಾಗಿ ಹಾಸಿ ರಸ್ತೆಯ ನಡುಗೆರೆ ಮಾಡಿದ. ಬಾಡಿಗೆಯಿಲ್ಲದ ದಿನ ಖಾಲಿ ಟೆಂಪೋವನ್ನು ಆ ಗೆರೆಯ ಬಲಕ್ಕೆ ಓಡಿಸುತ್ತ ಹೋಗಿ, ತುದಿಯಲ್ಲಿ ತಿರುಗಿಸಿ, ಮತ್ತೆ ಬಲಕ್ಕೆ ಹಿಡಿದು ವಾಪಸು ಬರುತ್ತಿದ್ದ. ಮೀನು ಒಣಗಿಸುವ ಹೆಂಗಸರಿಗೆ ಇದು ಪುಕ್ಕಟೆ ನಾಟಕ. "ಹಮ್ಮಣ್ಣಾ, ನೀರು ಭರ್ತಿ ಬಂತಂದ್ರೆ ನಿನ್ನ ಮಸ್ಕತ್ತು ಮುಳ್ಗೋಗ್ತದೆ ನೋಡು" ಎಂದು ಒಬ್ಬಳು ಕೂಗಿದ್ದಳಂತೆ. ಅವನೇ ನನಗೆ ಹೇಳಿ ನಕ್ಕಿದ್ದ. ಒಂದು ಶನಿವಾರ ನನ್ನನ್ನೂ ಕೂರಿಸಿಕೊಂಡು ಮರಳಿನ ಮೇಲೆ ಒಂದು ಸುತ್ತು ಹೊಡೆದ. ನಡುಗೆರೆ ಎಡಕ್ಕೆ ಸರಿಯುವುದನ್ನು ನೋಡುತ್ತ ನಾನು ಎಡಕ್ಕೆ, ಎಡಕ್ಕೆ ಎಂದು ಕೂಗಿದ್ದು ನೆನಪಿದೆ. ಸುತ್ತು ಹೊಡೆದದ್ದು ನಿಜ. ಕೂಗಿದ್ದು ಸ್ಟಾಫ್ ರೂಮಿನಲ್ಲಿ ಸೇರಿದ್ದೂ ಇರಬಹುದು.

ಆಗೆಲ್ಲ ಗೋವೆಯಿಂದ ಗೋಕರ್ಣದ ಕಡೆ ಹೋಗುವ ವಿದೇಶಿಯರು ಮೋಟರ್ ಸೈಕಲ್ಲಿನ ಮೇಲೆ ನಮ್ಮ ಊರನ್ನು ದಾಟುತ್ತಿದ್ದರು. ಹಿಂದೆ ಕಾಳಿಯನ್ನು ದೋಣಿಯಲ್ಲಿ ದಾಟಬೇಕಾಗಿದ್ದಾಗ ಅವರು ದಡದಲ್ಲಿ ಕಾಯುತ್ತ ಸಿಗುತ್ತಿದ್ದರು, ಮುಖವಾದರೂ ಕಾಣುತ್ತಿತ್ತು. ಸೇತುವೆಯಾದ ಮೇಲೆ ಬರೀ ಸದ್ದು. ಅವರ ಹತ್ತಿರ ಏನು ಕಾಗದವಿದೆ, ಇಲ್ಲಿ ಗಾಡಿ ಓಡಿಸಲು ಏನು ಬೇಕು ಎಂದು ತಡೆದು ಕೇಳಿದ ಪೊಲೀಸರನ್ನು ನಾನು ಕಂಡಿರಲಿಲ್ಲ. ನಮ್ಮ ಜನ ಎಮ್ಮೆ ಹಾಲಿನ ಕ್ಯಾನು ಕಟ್ಟಿದ ಲೂನಾದ ಮೇಲೆ ಬಂದರೆ ಮಾತ್ರ ಎಲ್ಲ ಕಾಗದವೂ ಬೇಕಾಗುತ್ತಿತ್ತು.

ಪರೀಕ್ಷೆಯ ಪತ್ರಿಕೆ ತಿದ್ದಲಿದ್ದುದರಿಂದ ಒಂದು ವಾರ ಅಂಕೋಲೆಗೆ ಹೋಗದೆ ಕಾರವಾರದಲ್ಲೇ ಉಳಿದಿದ್ದೆ. ಆ ಭಾನುವಾರ ಬೆಳಿಗ್ಗೆ ಕಾಜುಬಾಗದ ನನ್ನ ಬಾಡಿಗೆ ಮನೆಗೆ ಪೇದೆಯೊಬ್ಬ ಬಂದ. ಅರ್ಗಾ ದಾಟಿದ ಮೇಲಿನ ತಿರುವಿನಲ್ಲಿ ಅಪಘಾತವಾಗಿದೆ, ಫಾರಿನ್ನವನಿದ್ದಾನೆ, ಇಂಗ್ಲಿಷ್ ಬಲ್ಲವರು ಬೇಕೆಂದು ಹವಾಲ್ದಾರರು ಕರೆದಿದ್ದಾರೆ ಎಂದ. ನಾನು ಸಂತೋಷದಿಂದಲೇ ಹೊರಟೆ. ಒಳ್ಳೆಯ ಅಂಗಿ ಹಾಕಿಕೊಂಡೆ. ಕಿಸೆಗೆ ಪೆನ್ನು ಸಿಕ್ಕಿಸಿದೆ.

ಹೆದ್ದಾರಿ ಬದಿಯ ಠಾಣೆಯಲ್ಲಿ ಹವಾಲ್ದಾರರ ಮೇಜಿನ ಮುಂದೆ ಎರಡು ಕುರ್ಚಿ. ಒಂದರಲ್ಲಿ ಮೊಣಕಾಲು ತರಚಿಕೊಂಡ, ಉದ್ದ ಕಾಲಿನ ಬಿಳಿಯ. ಇನ್ನೊಂದನ್ನು ನನಗೆ ಎಳೆದುಕೊಟ್ಟರು. ಗೋಡೆಗೆ ಒರಗಿ ನಿಂತಿದ್ದವನು ಹಮ್ಮಣ್ಣ. ನನ್ನನ್ನು ಕಂಡದ್ದೇ ಅವನ ಮುಖ ಸಡಿಲವಾಯಿತು. "ಮಾಸ್ತರ್ರು ಬಂದ್ರು, ಸಾಕು" ಎಂದ. ಈ ಒಂದು ಮಾತು ನಾನು ಸೇರಿಸಿದ್ದಲ್ಲ. ಸ್ಟಾಫ್ ರೂಮಿನಲ್ಲಿ ಇದನ್ನು ಯಾವತ್ತೂ ಹೇಳಿರಲಿಲ್ಲ.

ನಡೆದದ್ದು ಇಷ್ಟು. ತಿರುವಿನಲ್ಲಿ ಬಿಳಿಯ ತನ್ನ ದೇಶದ ಅಭ್ಯಾಸದಂತೆ ರಸ್ತೆಯ ಬಲಕ್ಕೆ ಬಂದಿದ್ದಾನೆ. ಎದುರು ಬಂದ ಹಮ್ಮಣ್ಣ ಅವನನ್ನು ಉಳಿಸಲು ಟೆಂಪೋವನ್ನು ಎಡದ ಚರಂಡಿಗೆ ಇಳಿಸಿದ್ದಾನೆ. ಬಿಳಿಯ ಗಾಬರಿಯಲ್ಲಿ ಬಿದ್ದು ಮೊಣಕಾಲು ತರಚಿಕೊಂಡಿದ್ದಾನೆ. ಟೆಂಪೋದೊಳಗಿದ್ದ ಒಬ್ಬ ಹೆಂಗಸಿನ ಕೈ ಮುರಿದಿದೆ. ಅವಳನ್ನು ಆಸ್ಪತ್ರೆಗೆ ಒಯ್ದಿದ್ದರು, ಉಳಿದ ಪ್ರಯಾಣಿಕರು ಬೇರೆ ಗಾಡಿ ಹತ್ತಿ ಹೋಗಿದ್ದರು.

ಹವಾಲ್ದಾರರು ಬಿಳಿಯನ ಲೈಸನ್ಸನ್ನು ನನ್ನ ಮುಂದಿಟ್ಟರು. ಮಡಚಿದ ಒಂದು ಕಾಗದ, ಫೋಟೋ, ಸಿಕ್ಕಾ, ನನಗೆ ಒಂದಕ್ಷರವೂ ತಿಳಿಯದ ಭಾಷೆ. ಇದು ನಮ್ಮಲ್ಲಿ ನಡೆಯುತ್ತದೆಯೇ ಎಂದು ಕೇಳಿದರು. ಬೇರೆ ದೇಶದಲ್ಲಿ ಗಾಡಿ ಓಡಿಸಲು ಇನ್ನೊಂದು ಅಂತರರಾಷ್ಟ್ರೀಯ ಪರವಾನಗಿ ಬೇಕೆಂದು ನನಗೆ ಗೊತ್ತಿತ್ತು. ಹಮ್ಮಣ್ಣನಿಗಾಗಿ ನಾನೇ ವಿಚಾರಿಸಿ ತಿಳಿದುಕೊಂಡದ್ದು ಅದು. ಆದರೂ ಆ ಕಾಗದವನ್ನು ಓದುವವನಂತೆ ಎರಡು ನಿಮಿಷ ನೋಡಿ, ನಡೆಯುತ್ತದೆ ಎಂದೆ. ಯಾಕೆ? ತಿಳಿಯುವುದಿಲ್ಲ ಎಂದು ಹೇಳಲು ಆ ಕುರ್ಚಿಯಲ್ಲಿ ನನ್ನಿಂದ ಆಗಲಿಲ್ಲ, ಅಷ್ಟೆ. ದೊಡ್ಡ ಕಾರಣ ಹುಡುಕಿ ಹುಡುಕಿ ನಾನು ಸೋತಿದ್ದೇನೆ.

ಹವಾಲ್ದಾರರು ಕೆಟ್ಟವರೇನಲ್ಲ. ಬಿಳಿಯನೂ ಹಮ್ಮಣ್ಣನೂ ನೀರು ಕುಡಿಯಲು ಹೊರಗೆ ಹೋದಾಗ ಬಿಚ್ಚಿಯೇ ಹೇಳಿದರು: "ಹೆಂಗಸಿನ ಕೈ ಮುರ್ದದೆ, ಯಾರದಾರೂ ಒಂದು ತಪ್ಪು ಬೇಕಲ್ಲ. ಫಾರಿನ್ನಂವನ್ನ ಹಿಡದ್ರೆ ದಿಲ್ಲಿ ತನಕ ಕಾಗದ. ಟೆಂಪೋದಂವನ್ನ ಹಿಡದ್ರೆ ಇಲ್ಲೇ ಕೋರ್ಟ್ ತನಕ." ಆಮೇಲೆ, ವಿದೇಶಿ ಸೇರಿದ ಪ್ರಕರಣವಾದ್ದರಿಂದ ಮೇಲಿನವರಿಗೆ ಇಂಗ್ಲಿಷಿನಲ್ಲಿ ವರದಿ ಹೋಗಬೇಕು, ಇಬ್ಬರ ಹೇಳಿಕೆಯನ್ನೂ ಒಂದೇ ಹಾಳೆಯಲ್ಲಿ ಬರೆದುಕೊಡಿ ಎಂದು ಬಿಳಿ ಕಾಗದ ಕೊಟ್ಟರು.

ಬಿಳಿಯ, ತಿರುವಿನಲ್ಲಿ ತಾನು ಯಾವ ಬದಿಯಲ್ಲಿದ್ದೆನೆಂಬುದು ನೆನಪಿಲ್ಲ ಎಂದ. ಹಾಗೆಯೇ ಬರೆದೆ. ಹಮ್ಮಣ್ಣನ ಸರದಿ ಬಂತು. ಅವನಿಗೆ ಬಿಳಿಯನ ಮೇಲೆ ಸಿಟ್ಟೇ ಇರಲಿಲ್ಲ. ಇನ್ನೊಂದು ತಿಂಗಳಿಗೆ ತಾನೂ ಪರದೇಶದ ರಸ್ತೆಯಲ್ಲಿ ಹೀಗೆಯೇ ತಡಬಡಿಸುವವನು ಎಂಬ ಕನಿಕರ ಅವನ ಮುಖದಲ್ಲಿತ್ತು. "ಬಿಟ್ಬಿಡಿ ಪಾಪ. ಬೇಕಂತ ಬಂದದ್ದಲ್ಲ ಅಂವ. ಅವರ ಕೈ ಹಂಗೇ ಹೋಗ್ತದೆ. ನಾನೇ ಮರಳ ಮೇಲೆ ಬಲಕ್ಕೆ ಹೊಡ್ದು ರಸ್ತೆಗೆ ಬಂದ್ರೆ ಒಂದು ಗಳಿಗೆ ಯಾವ ಬದಿ ಅಂತ ಯೋಚ್ನೆ ಮಾಡ್ಬೇಕಾಗ್ತದೆ" ಎಂದ.

ನಾನು ಬರೆದ ಇಂಗ್ಲಿಷಿನ ಅರ್ಥ ಹೀಗಿತ್ತು: ‘ಬಲಬದಿಯಲ್ಲಿ ವಾಹನ ಓಡಿಸುವ ಅಭ್ಯಾಸ ನನಗೂ ಇದೆ, ರಸ್ತೆಗೆ ಮರಳಿದಾಗ ಒಮ್ಮೊಮ್ಮೆ ನಾನು ಯಾವ ಬದಿಯಲ್ಲಿ ಇರಬೇಕೆಂಬುದು ನನಗೆ ಹೊಳೆಯುವುದಿಲ್ಲ.’

ಎಷ್ಟು ಚೆಂದದ ವಾಕ್ಯ ಅದು. ಎರಡು ಭಾಗ, ತಕ್ಕಡಿಯ ಹಾಗೆ ತೂಗುತ್ತಿತ್ತು. ಬರೆದು ಮುಗಿಸಿ ಮನಸ್ಸಿನಲ್ಲೇ ಇನ್ನೊಮ್ಮೆ ಓದಿಕೊಂಡೆ. ತೂಕ ಸರಿಹೊಂದಿಸುವಾಗ ಮರಳು ಬಿಟ್ಟುಹೋಗಿತ್ತು, ಬಿಳಿಯನ ಕೈಯೂ ಬಿಟ್ಟುಹೋಗಿತ್ತು. ಅವನನ್ನು ಕ್ಷಮಿಸಲು ಆಡಿದ ಮಾತು ಹಮ್ಮಣ್ಣನ ತಪ್ಪೊಪ್ಪಿಗೆಯಾಗಿ ಕೂತಿತ್ತು. ನನಗೆ ಅದು ಆಗಲೇ ಕಂಡಿತೇ? ಮನೆಗೆ ಹೋದಮೇಲೆ ಕಂಡಿತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಈಗ ಹಾಗೆ ಹೇಳುವುದನ್ನು ಬಿಟ್ಟಿದ್ದೇನೆ. ಹಮ್ಮಣ್ಣ ಕೆಳಗೆ ಕನ್ನಡದಲ್ಲಿ ರುಜು ಹಾಕಿದ. ಏನು ಬರೆದಿದೆ ಎಂದು ಕೇಳಲಿಲ್ಲ. ಬರೆದವನು ನಾನಲ್ಲವೇ?

ಬಿಳಿಯ ಮಧ್ಯಾಹ್ನದೊಳಗೆ ಎಲ್ಲರ ಕೈಕುಲುಕಿ ಗೋಕರ್ಣದ ಕಡೆ ಹೋದ. ಹಮ್ಮಣ್ಣನ ಕೈಯನ್ನೂ ಕುಲುಕಿದ. ಬಿಳಿಯನ ಹೆಸರನ್ನು ನನ್ನ ಕೈಯಾರೆ ಬರೆದಿದ್ದೆ, ಈಗ ನೆನಪಿಲ್ಲ. ನನಗೆ ನಾನೇ ಹೇಳಿಕೊಳ್ಳುವಾಗ ಒಮ್ಮೆ ಅವನು ಜರ್ಮನಿಯವನಾಗುತ್ತಿದ್ದ, ಒಮ್ಮೆ ಡೆನ್ಮಾರ್ಕಿನವನು.

ಹಮ್ಮಣ್ಣನ ಲೈಸನ್ಸು ಠಾಣೆಯಲ್ಲೇ ಉಳಿಯಿತು. ಅಲ್ಲಿಂದ ಕೋರ್ಟಿಗೆ ಹೋಯಿತು. ನಿರ್ಲಕ್ಷ್ಯದ ಚಾಲನೆ, ಅದಕ್ಕೆ ಅವನದೇ ಒಪ್ಪಿಗೆ. ವಿಚಾರಣೆ ಮುಂದಕ್ಕೆ ಹೋಗುತ್ತಲೇ ಇತ್ತು, ವೀಸಾ ಕಾಯಲಿಲ್ಲ. ಅವನ ಜಾಗಕ್ಕೆ ಭಟ್ಕಳದ ಕಡೆಯವನೊಬ್ಬ ಹೋದನಂತೆ. ಟೆಂಪೋ ಮಾಲೀಕ ಬೇರೆ ಡ್ರೈವರನ್ನು ಇಟ್ಟುಕೊಂಡ. ತೊಂಬತ್ತರ ದಶಕದಲ್ಲಿ ಹಮ್ಮಣ್ಣ ಗದ್ದೆ ಕೆಲಸಕ್ಕೆ ಹೋದ, ಚಿರೇಕಲ್ಲು ಹೊತ್ತ, ಅರ್ಗಾದ ಕಡೆ ನೌಕಾನೆಲೆಯ ಕೆಲಸ ಸಿಕ್ಕಾಗ ಕಾಂಕ್ರೀಟು ಹೊತ್ತ. ಅಲ್ಲಿ ಸಾಲುಸಾಲು ಲಾರಿಗಳಿದ್ದವು. ಇವನು ಅವುಗಳ ಹಿಂದೆ ಬುಟ್ಟಿ ಹಿಡಿದು ನಿಂತ.

ನಾನು ಟೆಂಪೋ ಬಿಟ್ಟು ಬಸ್ಸು ಹಿಡಿದೆ. ಕೆಲವು ಸಲ ಸಂಜೆ ಅವನೂ ಅದೇ ಬಸ್ಸು ಹತ್ತುತ್ತಿದ್ದ, ಸಿಮೆಂಟು ಮೆತ್ತಿದ ಕಾಲು. ಅವನು ಹಿಂದೆ ಹೋಗಿ ನಿಲ್ಲುತ್ತಿದ್ದ. ಮತ್ತು ಅದೇ ವರ್ಷಗಳಲ್ಲಿ ನಾನು ಸ್ಟಾಫ್ ರೂಮಿನಲ್ಲಿ, ಅವರ್ಸಾದ ಮರಳಿನ ಮೇಲೆ ತೆಂಗಿನ ಮಡಲು ಹಾಸಿ ಮಸ್ಕತ್ತಿಗೆ ಹೊರಟ ಒಬ್ಬ ಡ್ರೈವರನ ಕಥೆಯನ್ನು ಹೇಳುತ್ತಿದ್ದೆ. ಕಥೆ ಮರಳಿನಲ್ಲೇ ಮುಗಿಯುತ್ತಿತ್ತು. ಠಾಣೆಯವರೆಗೆ ಬರುತ್ತಿರಲಿಲ್ಲ.

ಕೋಡಿಬಾಗದಲ್ಲಿ ಇಂಗ್ಲಿಷ್ ಬರೋದಿಲ್ಲ ಎಂದ ಮರುದಿನ ನಾನು ಅವರ್ಸಾಕ್ಕೆ ಹೋದೆ. ಹೆದ್ದಾರಿ ಅಗಲ ಮಾಡುವಾಗ ಹಮ್ಮಣ್ಣನ ಅಂಗಳದ ಅರ್ಧ ಹೋಗಿದೆ. ಜಗಲಿಯಲ್ಲಿ ಕೂತು ಸಂತೆಗೆ ಹರಿವೆ ಸೊಪ್ಪಿನ ಕಟ್ಟು ಕಟ್ಟುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿದೆ. ಬರ್ರಾ ಮಾಸ್ತರ್ರೇ, ದಾರಿ ತಪ್ಪಿದ್ರಾ ಎಂದು ಕೇಳಿ ಮಣೆ ಸರಿಸಿದ. ಬಸ್ಸಿನ ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡು ಬಂದಿದ್ದನ್ನು ನಾನು ಒಂದೇ ಉಸಿರಿಗೆ ಹೇಳಿದೆ. ಆ ಹಾಳೆಯಲ್ಲಿದ್ದದ್ದು ನಿನ್ನ ಮಾತಲ್ಲ ಹಮ್ಮಣ್ಣ, ನಾನು ಬರೆದದ್ದು ಎಂದೆ.

ಅವನ ಕೈ ನಿಲ್ಲಲಿಲ್ಲ. "ಗೊತ್ತದೆ" ಎಂದ. "ವಕೀಲ್ರು ಆಗ್ಲೇ ಓದಿ ಹೇಳಿದ್ರು. ಬರ್ದವ್ರ ಇಂಗ್ಲಿಷ್ ಬಾಳ ಚೊಲೊ ಅದೆ ಅಂದ್ರು."

ಹೊರಗೆ ಒಂದು ಲಾರಿ ಹೋಯಿತು. ಇಷ್ಟು ವರ್ಷ ನನ್ನನ್ನು ಯಾಕೆ ಕೇಳಲಿಲ್ಲ ಎಂದೆ.

"ಕೇಳೂಕೆ ಮುಖ ಕಾಣ್ಬೇಕಲ್ರಾ. ನೀವು ಬಸ್ಸಲ್ಲಿ ಪೇಪರ್ ಅಡ್ಡ ಹಿಡೀತಿದ್ರಿ."

ಅವನ ಹೆಂಡತಿ ಚಹ ತಂದಿಟ್ಟು ಒಳಗೆ ಹೋದಳು. ಹಮ್ಮಣ್ಣ ಒಂದು ಕಟ್ಟು ಮುಗಿಸಿ, ಬಾಳೆಪಟ್ಟೆ ಬಿಗಿದು, ಮೊದಲ ಸಲ ನನ್ನ ಕಡೆ ತಿರುಗಿದ. "ಈಗಾರೂ ಹೇಳಿ. ನಾ ಅವತ್ತು ಎಂತ ಹೇಳಿದ್ದೆ? ನೀವು ಬರ್ದದ್ದನ್ನ ಕೋರ್ಟಲ್ಲಿ ಓದಿ ಓದಿ ಅದೇ ತಲೇಲಿ ಕೂತದೆ. ನನ್ನ ಮಾತು ನಂಗೆ ನೆನಪಿಲ್ಲ."

ಇಲ್ಲಿ ನಿಮಗೊಂದು ವಿಷಯ ಹೇಳಲೇಬೇಕು. ಮೇಲೆ ಹಮ್ಮಣ್ಣ ಠಾಣೆಯಲ್ಲಿ ಆಡಿದ ಮಾತೆಂದು ನಾನು ಬರೆದಿದ್ದೇನಲ್ಲ, ಬಿಟ್ಬಿಡಿ ಪಾಪ, ಅವರ ಕೈ ಹಂಗೇ ಹೋಗ್ತದೆ ಎಂದು, ಅದು ನನಗೂ ಪೂರ್ತಿ ನೆನಪಿಲ್ಲ. ನನಗೆ ಅಕ್ಷರಶಃ ನೆನಪಿರುವುದು ನನ್ನ ಇಂಗ್ಲಿಷ್ ವಾಕ್ಯ ಒಂದೇ. ಅದನ್ನೇ ಹಿಂದಕ್ಕೆ ಕನ್ನಡ ಮಾಡಿ, ಬಿಟ್ಟುಹೋದ ಮರಳನ್ನು ಸೇರಿಸಿ, ಅವನ ಮುಖದಲ್ಲಿ ಕಂಡಿದ್ದೆನೆಂದುಕೊಂಡ ಕನಿಕರವನ್ನು ಬೆರೆಸಿ ಬಸ್ಸಿನಲ್ಲಿ ಕಟ್ಟಿಕೊಂಡ ಮಾತು ಅದು. ಅವನು ಹಾಗೆ ಹೇಳಿದ್ದನೆಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ಅವನು ಕೈಕೆಲಸ ನಿಲ್ಲಿಸಿ ಕಾಯುತ್ತಿದ್ದ. ನನಗೂ ನೆನಪಿಲ್ಲ ಎನ್ನಲು ಬಾಯಿ ಬರಲಿಲ್ಲ. ಆ ಮಾತನ್ನೇ, ಅವನ ಧಾಟಿಯಲ್ಲೇ, ಹೇಳಿದೆ.

ಹಮ್ಮಣ್ಣ ಗಮನವಿಟ್ಟು ಕೇಳಿದ.

"ನೀವು ಹೇಳ್ತ್ರಿ ಅಂದ್ರೆ ಹಂಗೇ ಹೇಳಿದ್ದೆ ಕಾಣ್ತದೆ" ಎಂದು ಇನ್ನೊಂದು ಕಟ್ಟಿಗೆ ಕೈಹಾಕಿದ.