ವೈನಿ ಸುಮ್ಮನೆ ಕೂತದ್ದೇಕೆಂದು ನನಗೆ ಗೊತ್ತಿತ್ತು

ನಾನು ಸುಳ್ಳು ಹೇಳಿದೆ. ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ ಶಾಂತಾ, ಮೈಗಳ್ಳಿಯಲ್ಲ ಎಂದು ಗೊತ್ತಿದ್ದೂ ಹೌದೆನ್ನುವ ಹಾಗೆ ಮಾತಾಡಿದೆ. ಆ ಒಂದು ಮಾತಿಗೆ ಅವಳು ಮನೆ ಕಳೆದುಕೊಂಡಳು — ಹನ್ನೊಂದು ವರ್ಷ ನಾನು ಬಾಯಿ ಬಿಡಲಿಲ್ಲ.

ಆಗ ನಾವು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದೆವು. ಅವ್ವ, ಅಪ್ಪ ತೀರಿಕೊಂಡಿದ್ದರು. ನನ್ನನ್ನು ಓದಿಸಿದವನು ಅಣ್ಣ, ಉಣಿಸಿದವಳು ವೈನಿ. ದಿನಾ ಬೆಳಗಿನ ಗಾಡಿಗೆ ಕಲಬುರಗಿಗೆ ಹೋಗಿ ಔಷಧಗಳ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಅರೆನಿದ್ದೆಯಲ್ಲಿ ಮೊದಲು ಕಿವಿಗೆ ಬೀಳುತ್ತಿದ್ದದ್ದು ಅವಳು ರೊಟ್ಟಿ ಬಡಿಯುವ ಸಪ್ಪಳ. ಆ ಸಪ್ಪಳದೊಳಗೇ ಇನ್ನಷ್ಟು ಹೊತ್ತು ಮಲಗುತ್ತಿದ್ದೆ.

ಮೂವತ್ಮೂರನೆಯ ವಯಸ್ಸಿಗೆ ವೈನಿಗೆ ಆಪರೇಷನ್ ಆಯಿತು. ಗಡ್ಡೆಯಿದೆ ಎಂದು ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದರು. ಗಾಯ ಮಾಯಿತು, ಸಪ್ಪಳ ಮಾತ್ರ ಮರಳಿ ಬರಲಿಲ್ಲ. ಹಿಟ್ಟು ನಾದಿ ಹಾಗೇ ಬಿಟ್ಟು ಹೊಸ್ತಿಲ ಮೇಲೆ ಕೂರುತ್ತಿದ್ದಳು. ಗೂಡ್ಸ್ ಗಾಡಿ ನೋಡುತ್ತಿದ್ದಳು — ಗಾಡಿ ಹೋದ ಮೇಲೂ ಅಲ್ಲೇ ನೋಡುತ್ತಿದ್ದಳು. ಊರಿನ ಸಿಮೆಂಟ್ ಕಾರ್ಖಾನೆಯ ಬಿಳಿ ಧೂಳು ಮಧ್ಯಾಹ್ನವಿಡೀ ಇಳಿಯುತ್ತ ಅವಳ ಕೂದಲ ಮೇಲೆ ಕೂರುತ್ತಿತ್ತು, ಅವಳು ಕೊಡವಿಕೊಳ್ಳುತ್ತಿರಲಿಲ್ಲ. ಈಗ ನೆನೆದರೆ ಆ ದಿನಗಳೆಲ್ಲ ನೀರಿನೊಳಗಿಂದ ನೋಡಿದ ಹಾಗೆ ಕಾಣುತ್ತವೆ... ನಮ್ಮ ಕಡೆ ಹೆಣ್ಣಿನ ಆರೋಗ್ಯವನ್ನು ರೊಟ್ಟಿಯ ಮೇಲೆ ಅಳೆಯುತ್ತಾರೆ. ಕೈ ಆಡಿದರೆ ಗಟ್ಟಿ, ಆಡದಿದ್ದರೆ ಸೋಗು. ನೆರೆಹೊರೆಯವರು ಆಡಿಕೊಳ್ಳತೊಡಗಿದರು.

ಅದೇ ವರ್ಷ ಪ್ರಯೋಗಾಲಯದಲ್ಲಿ ನಾನು ಮಾಡುತ್ತಿದ್ದದ್ದೇನು ಗೊತ್ತೇ? ಅಂಡಾಶಯ ತೆಗೆದ ಹೆಣ್ಣಿಲಿಗಳನ್ನು ನೀರಿಗೆ ಬಿಡುವುದು. ಅಂಡಾಶಯದಲ್ಲಿ ಹುಟ್ಟುವ ಈಸ್ಟ್ರೋಜೆನ್ ಹಾರ್ಮೋನನ್ನು ಹೊರಗಿನಿಂದ ಕೊಟ್ಟವು ಹೆಚ್ಚು ಹೊತ್ತು ಈಜುತ್ತಿದ್ದವು. ಕೊಡದವು ಬೇಗ ಕೈಚೆಲ್ಲಿ, ಮೂಗಷ್ಟೇ ಮೇಲಿಟ್ಟು ತೇಲುತ್ತಿದ್ದವು. ತೇಲಿದ ಹೊತ್ತನ್ನು ಗಡಿಯಾರ ಒತ್ತಿ ಬರೆದುಕೊಳ್ಳಬೇಕು. ಆಮೇಲೆ ಎತ್ತಿ, ಬಟ್ಟೆಯಲ್ಲಿ ಒರೆಸಿ, ಬಲ್ಬಿನ ಕಾವಿಗೆ ಬಿಡಬೇಕು. ಯಾವ ಇಲಿಯನ್ನೂ ನಾವು ಮೈಗಳ್ಳಿ ಎನ್ನಲಿಲ್ಲ. ಖಿನ್ನತೆಯ ಲಕ್ಷಣ ಎಂದು ನನ್ನ ಕೈಯಾರೆ ಬರೆದೆ. ಸಂಜೆ ಮನೆಗೆ ಬಂದರೆ ಹೊಸ್ತಿಲಲ್ಲಿ ವೈನಿ — ಅವಳನ್ನು ದಾಟಿ ಒಳಗೆ ಹೋಗುವಾಗ ಪ್ರತಿ ಸಲ ಹೊಳೆಯುತ್ತಿತ್ತು, ಇವಳಿಗೂ ಅದೇ ಆಗಿದೆ ಎಂದು.

ಒಂದು ಭಾನುವಾರ ಅಣ್ಣ ನನ್ನನ್ನು ಹಿತ್ತಲಿಗೆ ಕರೆದ.

“ನೀ ಓದ್ದಾಕಿ ಇದ್ದಿ ತಂಗಿ. ಖರೇ ಹೇಳು, ಆಕಿಗಿ ರೋಗ ಅದನೋ, ಸುಮ್ನ ನಾಟಕ ಮಾಡಾಕತ್ತಾಳೋ?”

ಪ್ರಬಂಧ ಒಪ್ಪಿಸಲು ಮೂರು ತಿಂಗಳಿತ್ತು. ರೋಗ ಎಂದರೆ ಅಡುಗೆಮನೆ ನನ್ನ ಕೊರಳಿಗೆ ಬೀಳುತ್ತದೆ. ನಾಟಕ ಎಂದರೆ ಬೈಸಿಕೊಂಡಾದರೂ ಅವಳೇ ಎದ್ದಾಳು — ಅಷ್ಟೇ, ಅಷ್ಟಕ್ಕೇ...

“ರೋಗ ಏನಿಲ್ಲಣ್ಣ. ಮನಸ್ಸ ಮಾಡ್ಬೇಕಷ್ಟೇ,” ಎಂದೆ.

ಮರುವಾರ ಅಣ್ಣ ಅವಳನ್ನು ಭಂಕೂರಿನ ತವರಿಗೆ ಬಿಟ್ಟು ಬಂದ. ಮನಸ್ಸು ಬಂದಾಗ ಬಾ ಎಂದಿದ್ದನಂತೆ. ಕರೆಯಲು ಹೋಗಲೇ ಇಲ್ಲ. ರೊಟ್ಟಿ ಕಡೆಗೂ ನನ್ನ ಕೊರಳಿಗೇ ಬಿತ್ತು; ಬಡಿದೆ, ಪ್ರಬಂಧವನ್ನೂ ಬರೆದೆ, ಶಹಬ್ಬಾಸ್ ಅನ್ನಿಸಿಕೊಂಡೆ.

ಇಲಿ ಬೇರೆ, ಹೆಂಗಸು ಬೇರೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ನಿಜವೇ. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಲ್ಲೂ ಹಾಗೇ ಇರುತ್ತದೆಂದಲ್ಲ. ಆದರೆ ಡಾಕ್ಟರಿಗೆ ತೋರಿಸಿ ಕೇಳೋಣ ಎನ್ನಲು ಅಷ್ಟು ಅನುಮಾನ ಸಾಕಿತ್ತು. ಆ ಮಾತನ್ನು ನುಂಗಿದೆ.

ಹೋದ ತಿಂಗಳು ಭಂಕೂರಿಗೆ ಹೋದೆ. ವೈನಿಯ ಕೂದಲು ಪೂರ್ತಿ ನರೆತಿದೆ. ಚಹಾ ಕೊಟ್ಟಳು, ಅಣ್ಣನನ್ನು ವಿಚಾರಿಸಿದಳು. ಎದುರು ಕೂತು ಎಲ್ಲ ಹೇಳಿದೆ — ಇಲಿ, ನೀರು, ಹಿತ್ತಲಿನ ಮಾತು. ಬೈಯುತ್ತಾಳೆ ಎಂದು ಕಾದೆ. ಅವಳು ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು.

“ಹಂಗಾರ ನಾ ಮೈಗಳ್ಳಿ ಅಲ್ಲ?” ಎಂದಳು. “ಇಷ್ಟು ವರ್ಷ ನನಗ ನಾನೇ ಬೈಕೋಂತ ಬಂದೀನಲ್ಲ ತಂಗಿ.”

ನನಗೆ ಅಳು ಬಂತು, ಅವಳಿಗೆ ಬರಲಿಲ್ಲ. ಅಣ್ಣನಿಗೆ ಇನ್ನೂ ಹೇಳಿಲ್ಲ. ನಾಳೆ ಅವನು ಡ್ಯೂಟಿ ಮುಗಿಸಿ ಬಂದು ಕೂತ ಮೇಲೆ ಹೇಳುತ್ತೇನೆ — ಅವಳಿಗೆ ಬೇನೆಯಿತ್ತು, ಅದು ನನಗೆ ಗೊತ್ತಿತ್ತು ಎಂದು.