ನಮ್ಮ ಬಾವಿಯ ಆಮೆ ಎಲ್ಲಿ ಹೋಯಿತು

ಬಾವಿಯ ಆಮೆಯನ್ನು ನನ್ನ ತಮ್ಮ ಮಾರಿಕೊಂಡ ಎಂದು ಮೊದಲು ಹೇಳಿದವಳು ನಾನು. ಊರವರು ಅದನ್ನು ನನ್ನ ಬಾಯಿಂದ ಕಲಿತರು.

ತೆಲಂಗಾಣದ ಮೊಗುಡಂಪಲ್ಲಿ ದಾಟಿ ಬೀದರ ಗಡಿಗೆ ಹತ್ತಿಕೊಂಡಂತೆ ನಮ್ಮ ಹೊಲ. ನನ್ನನ್ನು ಸೋದರಮಾವನಿಗೇ ಕೊಟ್ಟಿದ್ದರಿಂದ ನಾನು ಊರು ಬಿಟ್ಟು ಹೋಗಲಿಲ್ಲ. ಅಪ್ಪ ಹೊಲವನ್ನು ನನಗೂ ತಮ್ಮನಿಗೂ ಸಮ ಹಂಚಿದ. ಬಾವಿಯನ್ನು ಹಂಚಲು ಬರುವುದಿಲ್ಲ, ಅದು ಇಬ್ಬರದೂ ಆಯಿತು. ಅದರೊಳಗಿನ ಆಮೆಯೂ ಇಬ್ಬರದು.

ನೀರಿನ ಕಸ, ಹುಳ ತಿಂದು ಸ್ವಚ್ಛ ಇಡುತ್ತದೆಂದು ನಮ್ಮಲ್ಲಿ ಬಾವಿಗೆ ಆಮೆ ಬಿಡುತ್ತಾರೆ. ನಮ್ಮದನ್ನು ಅಜ್ಜ ಬಿಟ್ಟದ್ದಂತೆ. ಬೆನ್ನ ಮೇಲೆ ಹಳದಿ ಚುಕ್ಕಿ. ಹುಣಸೆ ಬೀಜದಷ್ಟು ಮೂಗು ನೀರಿನ ಮೇಲೆ ಬರುವುದು, ಉಸಿರು ಎಳೆದುಕೊಂಡು ಮುಳುಗುವುದು. ರೊಟ್ಟಿ ಚೂರು ಹಾಕಿದರೆ ಉದ್ದ ಕತ್ತು ಚಾಚುವುದು.

ಊರ ಈಶ್ವರ ಗುಡಿಯಲ್ಲೂ ಒಂದು ಆಮೆ ಇದೆ, ನಂದಿಯ ಮುಂದೆ ನೆಲಗಲ್ಲಿನಲ್ಲಿ ಕೆತ್ತಿದ್ದು. ಅವ್ವ ಅದರ ಕತೆ ಹೇಳುತ್ತಿದ್ದಳು. ನನ್ನ ಬಾಗಿಲಲ್ಲಿ ಯಾರು ಕೂಡುತ್ತೀರಿ ಎಂದು ಶಿವ ಕೇಳಿದನಂತೆ. ನಂದಿ ಎತ್ತರದ ಜಾಗ ಹಿಡಿಯಿತು. ಆಮೆ, ಮಂದಿ ತುಳಿಯುವಲ್ಲಿ ನಾನು ಮಲಗುತ್ತೇನೆ ಎಂದಿತು. ಅಂದಿನಿಂದ ಒಳಗೆ ಬರುವವರು ಹೊಟ್ಟೆಯಲ್ಲಿ ಏನು ಇಟ್ಟುಕೊಂಡು ಬರುತ್ತಾರೆ ಎಂಬುದರ ವಜನು ಅದಕ್ಕೆ ತಿಳಿಯುತ್ತದಂತೆ. ಊರಲ್ಲಿ ಆಣೆ ಮಾಡಬೇಕಾದರೆ ಅದರ ಬೆನ್ನ ಮೇಲೆ ಕೈ ಇಟ್ಟೇ ಮಾಡಬೇಕು.

ಆ ಬೇಸಿಗೆ ತಾಂಡೂರಿನವರು ಎಂದು ಹೇಳಿಕೊಂಡು ಇಬ್ಬರು ಮೋಟರ್ ಸೈಕಲ್ ಮೇಲೆ ಬಂದರು. ಬಾವಿಯಲ್ಲಿ ಬಗ್ಗಿ ನೋಡಿದರು. ತಮ್ಮನ ಜೊತೆ ಬೇವಿನ ಗಿಡದ ಕೆಳಗೆ ಬಹಳ ಹೊತ್ತು ಮಾತಾಡಿದರು.

"ಏನಂದ್ರೋ?" ಎಂದು ಕೇಳಿದೆ.

"ಆಮಿ ಉಗುರ ಎಣಸ್ತಾರಂತಕ್ಕಾ. ಇಪ್ಪತ್ತ ಇದ್ರ ಹುಗದ ಬಂಗಾರ ತೋರಸ್ತದಂತ. ನನಗೂ ಇಪ್ಪತ್ತ ಅವ, ನನ್ನೇ ಒಯ್ಯರಿ ಅಂದೆ."

ನಾನು ನಕ್ಕೆ. ಮನೆಗೆ ಹೋಗುವಾಗ ನಗು ಹೋಗಿತ್ತು. ಅಷ್ಟು ಹೊತ್ತು ಮಾತಾಡಿದವರು ಬರೀ ಉಗುರಿನ ಮಾತಾಡಿದರೇ? ಮರುದಿನದಿಂದ ಅವನನ್ನು ನೋಡತೊಡಗಿದೆ. ನಾನು ಹತ್ತಿರ ಹೋದರೆ ಫೋನು ಕಿವಿಯಿಂದ ಇಳಿಯುತ್ತಿತ್ತು. ಅವನ ಹೆಂಡತಿ ನನ್ನನ್ನು ಕಂಡ ಕೂಡಲೇ ಮಾತು ನಿಲ್ಲಿಸಿ, "ಬರ್ರಿ ಅಕ್ಕಾ, ಚಾ ಮಾಡ್ತೀನಿ" ಎನ್ನುವಳು. ಆ ಚಹಾದಲ್ಲೂ ಸಕ್ಕರೆ ಹೆಚ್ಚಾಗಿದೆ, ಏನೋ ಮುಚ್ಚಿಡುತ್ತಿದ್ದಾಳೆ ಅನಿಸುತ್ತಿತ್ತು.

ಬಾವಿಯ ನೀರು ತಳಕ್ಕೆ ಹೋದಾಗ ಹೂಳು ತೆಗೆಸಲು ಕ್ರೇನು ತರಿಸಿದೆವು. ಹೂಳು ತೆಗೆಯುವಾಗ ನಮ್ಮಲ್ಲಿ ಒಂದು ಪದ್ಧತಿ. ಕೆಳಗಿನವರು ಕೆಸರನ್ನು ಬುಟ್ಟಿಗೆ ತುಂಬುತ್ತಾರೆ, ಮೇಲೆ ಮನೆಮಗಳು ಕೂತು ಪ್ರತಿ ಬುಟ್ಟಿಯಲ್ಲಿ ಕೈಯಾಡಿಸುತ್ತಾಳೆ. ಆಮೆ ಸಿಕ್ಕರೆ ಅರಿಶಿನ ಹಚ್ಚಿ, ಹಿತ್ತಾಳೆ ಕೊಪ್ಪರಿಗೆಯ ನೀರಲ್ಲಿ ಇಟ್ಟು, ತಳದಿಂದ ಹೊಸ ನೀರಿನ ಊಟೆ ಬಂದ ಮೇಲೆ ಎಲ್ಲಕ್ಕಿಂತ ಮೊದಲು ಅದನ್ನೇ ಬಾವಿಗೆ ಇಳಿಸಬೇಕು. ಆ ಕೆಲಸ ನನ್ನದು.

ಮಧ್ಯಾಹ್ನ ತಮ್ಮನ ಫೋನು ಬಡಿದುಕೊಂಡಿತು. ಅವನು ನೋಡಿ, "ಬುಟ್ಟಿ ನೋಡಕೋತ ಇರಕ್ಕಾ, ಬಂದೆ" ಎಂದು ಜೋಳದ ಕಣಿಕೆ ಬಣವೆಯ ಹಿಂದೆ ಹೋದ. ನಾನು ಎದ್ದೆ. ಕ್ರೇನಿನವನು ಬುಟ್ಟಿ ಎತ್ತಿ ಸುರಿಯುತ್ತಲೇ ಇದ್ದ. ನಾನು ಬಣವೆಯ ಈ ಬದಿಗೆ ಕಿವಿ ಹಚ್ಚಿ ನಿಂತೆ.

"ತಾಂಡೂರಿಗಿ ನಾನೇ ಬರ್ತೀನ್ರಿ. ಅಕ್ಕಗ ಈಗ ಗೊತ್ತಾಗಬಾರ್ದು," ಎಂದ.

ನನಗೆ ಅಷ್ಟು ಸಾಕಾಯಿತು. ಸಂಜೆ ಬಾವಿಯ ಕಲ್ಲು ತಳ ಕಂಡಿತು. ಆಮೆ ಇರಲಿಲ್ಲ.

"ಎಲ್ಲಿಗಿ ಕಳಿಸ್ದಿ? ತಾಂಡೂರಿಗಾ?" ಎಂದೆ. ಕೂಲಿಯವರು, ಪಕ್ಕದ ಹೊಲದವರು ಎಲ್ಲ ಇದ್ದರು. ಅವನ ಮುಖ ಬಿಳಿಚಿತು. ತಾಂಡೂರಿನ ಹೆಸರಿಗೆ ಬಿಳಿಚಿತು, ನಾನು ಆಮೆಗೆ ಬಿಳಿಚಿತು ಎಂದುಕೊಂಡೆ.

ಗುಡಿಗೆ ಎಳೆದುಕೊಂಡು ಹೋದೆ. ಅವನು ಕಲ್ಲಾಮೆಯ ಮೇಲೆ ಕೈ ಇಟ್ಟು, "ನಾ ಮಾರಿಲ್ಲ, ಮುಟ್ಟಿಲ್ಲ" ಎಂದ. ಊರಿನ ಹಿರಿಯರೊಬ್ಬರು, "ಆತಲ್ಲವ್ವಾ, ಇನ್ನ ಬಿಡು" ಎಂದರು. ನಾನು ಬಿಡಲಿಲ್ಲ.

"ಬೆರಳಿನ ತುದಿ ಅಷ್ಟೇ ಮುಟ್ಟ್ಯಾನ್ರಿ. ಅಂಗೈ ಊರಿಲ್ಲ, ನಾ ನೋಡೀನಿ."

ತಮ್ಮ ನನ್ನನ್ನು ನೋಡಿದ. ಮತ್ತೆ ಕೈ ಇಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೋದ. ಒಂದು ವಾರದೊಳಗೆ ಹೆಂಡತಿ ಮಕ್ಕಳ ಸಮೇತ ತಾಂಡೂರು ಸೇರಿದ. ಅಲ್ಲಿ ಅವನ ಹೆಂಡತಿಯ ಅಣ್ಣನದು ನೆಲಕ್ಕೆ ಹಾಸುವ ಬಂಡೆಗೆ ಪಾಲಿಷ್ ಮಾಡುವ ಶೆಡ್ಡು. ಆ ಫೋನುಗಳೆಲ್ಲ ಆ ಕೆಲಸದ ಮಾತು. ಹೊಲ ಬಿಟ್ಟು ಹೋಗುತ್ತೇನೆಂದರೆ ನಾನು ಕೂಗಾಡುತ್ತೇನೆ ಎಂದು ಅಂಜಿ ಹೇಳಿರಲಿಲ್ಲ. ಇದು ಗೊತ್ತಾದ ಮೇಲೂ, ಕೆಲಸ ಬೇರೆ, ಆಮೆ ಬೇರೆ ಎಂದು ನಾನು ವಾದಿಸಿದೆ.

ಮೊದಲ ಮಳೆ ಬಿದ್ದ ಮೇಲೆ ಹೂಳಿನ ಗುಡ್ಡೆಯನ್ನು ಹೊಲಕ್ಕೆ ಹರಡಲು ಹೋದೆ. ಬಿರುಕಿನಲ್ಲಿ ಹುಣಸೆ ಬೀಜದಷ್ಟು ಒಂದು ಮೂಗು ಇತ್ತು. ಸಲಿಕೆ ಕೆಳಗಿಟ್ಟೆ. ಕೈಯಿಂದ ಮಣ್ಣು ಸರಿಸಿದೆ. ಹಳದಿ ಚುಕ್ಕಿ. ನೀರು ಬತ್ತಿದಾಗ ಈ ಜಾತಿಯ ಆಮೆ ಕೆಸರಿನೊಳಗೆ ಹೂತುಕೊಂಡು, ಮಳೆ ಬರುವತನಕ ಮಲಗಿರುತ್ತದೆ. ನಾನು ಬಣವೆಯ ಹಿಂದೆ ನಿಂತಿದ್ದ ಹೊತ್ತಿನಲ್ಲಿ ಅದು ಬುಟ್ಟಿಯಲ್ಲಿ ಮೇಲೆ ಬಂದಿತ್ತು. ಬುಟ್ಟಿಯಲ್ಲಿ ಕೈಯಾಡಿಸಬೇಕಾದವಳು ಅಲ್ಲಿ ಇರಲಿಲ್ಲ.

ಬಾವಿ ಹತ್ತು ಹೆಜ್ಜೆ ದೂರದಲ್ಲಿತ್ತು. ಬಿಟ್ಟರೆ ನಾಳೆ ಮೂಗು ಮೇಲೆ ಬರುತ್ತದೆ, ಊರು ಕೇಳುತ್ತದೆ, ಬುಟ್ಟಿ ಯಾರು ನೋಡುತ್ತಿದ್ದರು ಎಂದು. ನಾನು ಅದನ್ನು ಗೊಬ್ಬರದ ಚೀಲಕ್ಕೆ ಹಾಕಿದೆ. ನಾರಾಯಣಖೇಡದ ಕಡೆ ಕೊಟ್ಟ ಮಗಳನ್ನು ನೋಡಿ ಬರುತ್ತೇನೆ ಎಂದು ಮನೆಯಲ್ಲಿ ಹೇಳಿದೆ.

ಜಹೀರಾಬಾದಿನಲ್ಲಿ ಬಸ್ಸು ಬದಲಿಸಿದೆ. ಪಕ್ಕದಲ್ಲಿ ಕೂತವಳು ಚೀಲ ನೋಡಿದಳು.

"ಏನದರೀ ಅದ್ರಾಗ?"

"ಕುಂಬಳಕಾಯಿ. ಮಗಳಿಗಿ."

"ನಿಮ್ಮ ಕುಂಬಳಕಾಯಿ ಕಾಲ ಆಡ್ಸಾಕತ್ತದಲ್ಲರೀ!"

ಮುಂದಿನ ಸೀಟಿನವರು ತಿರುಗಿ ನಕ್ಕರು. ಇವಳು ನಮ್ಮೂರ ಕಡೆಯವಳಿರಬೇಕು, ಯಾರಿಗೋ ಹೇಳುತ್ತಾಳೆ ಎಂದು ನಾನು ದಾರಿಯುದ್ದಕ್ಕೂ ಅವಳ ಸೀರೆ, ತಾಳಿ, ಮಾತು ಎಲ್ಲ ಪರೀಕ್ಷೆ ಮಾಡಿದೆ. ಅವಳು ನಡುವೆ ಎಲ್ಲೋ ಇಳಿದು ಹೋದಳು. ಮಗಳ ಊರಿನ ಕೆರೆಯಲ್ಲಿ ಚೀಲದ ಬಾಯಿ ಬಿಚ್ಚಿದೆ. ಆಮೆ ಹಿಂತಿರುಗಿ ನೋಡದೆ ನೀರಿಗಿಳಿಯಿತು.

ಅದಾಗಿ ಕೆಲವು ವರ್ಷ. ಊರಿಗೆ ಬಂದಾಗಲೆಲ್ಲ ತಮ್ಮ ಕಲ್ಲಾಮೆಯನ್ನು ಸುತ್ತಿ ದಾಟುತ್ತಿದ್ದ, ಮುಟ್ಟುತ್ತಿರಲಿಲ್ಲ. ಹೋದ ಶ್ರಾವಣ ಸೋಮವಾರ ಗುಡಿಯ ಕಟ್ಟೆಯ ಮೇಲಿದ್ದವನೊಬ್ಬ ತಮ್ಮನಿಗೆ, "ಯಾಕೋ, ಇದರ ಉಗುರ ಎಣಿಸಾಂಗಿಲ್ಲೇನು? ಕಲ್ಲಿಂದಕ್ಕ ಗಿರಾಕಿ ಸಿಗಲಿಲ್ಲೇನು?" ಎಂದ. ಎಲ್ಲರೂ ನಕ್ಕರು. ತಮ್ಮನ ಮಗ, ಈಗ ಮೀಸೆ ಬಂದವನು, ತಲೆ ತಗ್ಗಿಸಿ ಹೊರಗೆ ಹೋದ. ಅವನ ಬೆನ್ನು ನೋಡಿ ನನಗೆ ತಡೆಯಲಾಗಲಿಲ್ಲ.

ಕೆಳಗೆ ಕೂತು ಎರಡೂ ಅಂಗೈ ಕಲ್ಲಿನ ಮೇಲೆ ಊರಿದೆ. ಬಣವೆ, ಬುಟ್ಟಿ, ಹೂಳು, ಚೀಲ, ಕೆರೆ, ಎಲ್ಲ ಹೇಳಿದೆ.

ಆಮೇಲೆ ಆ ಕಟ್ಟೆಯವನೇ, "ಒಡಹುಟ್ಟಿದಾಕಿ ಅಲ್ಲೇನು, ತಮ್ಮನ ಹೆಸರ ಉಳ್ಸಾಕ ಹೇಳ್ತಾಳ ಬಿಡ್ರಿ" ಎಂದ. ಉಳಿದವರು ತಲೆ ಆಡಿಸಿದರು. ನಾನು ಕಲಿಸಿದ ಪಾಠವನ್ನು ಅವರು ಅಷ್ಟು ಚೆನ್ನಾಗಿ ಕಲಿತಿದ್ದರು.

ಹೊರಗೆ ತಮ್ಮ ಕೇಳಿದ, "ಇಷ್ಟ ದಿನ ಬಿಟ್ಟು ಈಗ್ಯಾಕ? ನನ್ನ ಪಾಲಿನ ಹೊಲದ್ದು ಏನರ ಸಹಿ ಬೇಕಾಗ್ಯಾದೇನು?"

"ಇಲ್ಲೋ. ಖರೆ ಹೇಳೀನಿ."

"ಹಂಗಾದ್ರ ತೋರ್ಸು."

ಮರುದಿನ ಇಬ್ಬರೂ ನಾರಾಯಣಖೇಡದ ಕಡೆ ಮಗಳ ಊರಿಗೆ ಹೋದೆವು. ಕೆರೆ ತುಂಬಿತ್ತು. ನಾನು ರೊಟ್ಟಿ ಮುರಿದು ಎಸೆದೆ. ಸ್ವಲ್ಪ ಹೊತ್ತಿಗೆ ಒಂದು ಮೂಗು ಎದ್ದಿತು, ಅದರಾಚೆ ಇನ್ನೊಂದು, ಜೊಂಡಿನ ಹತ್ತಿರ ಮತ್ತೆರಡು. ಎಲ್ಲವೂ ಹುಣಸೆ ಬೀಜದಷ್ಟೇ. ಒಂದು ಕತ್ತು ಚಾಚಿ ರೊಟ್ಟಿ ಹಿಡಿಯಿತು. "ಅದೇ ನಮ್ಮದು" ಎಂದು ಕೂಗಿದೆ. ಕೂಗಿದ ಮೇಲೆ ಹೌದೋ ಅಲ್ಲವೋ ನನಗೇ ತಿಳಿಯಲಿಲ್ಲ.

ತಮ್ಮನ ಕಡೆ ತಿರುಗಿದೆ. ಅವನು ನೀರು ನೋಡುತ್ತಿರಲಿಲ್ಲ. ಬಹಳ ಹೊತ್ತಿನಿಂದ ನನ್ನ ಮುಖವನ್ನೇ ನೋಡುತ್ತಿದ್ದ, ಆ ಬೇಸಿಗೆ ನಾನು ಅವನನ್ನು ನೋಡುತ್ತಿದ್ದ ಹಾಗೆ. ಆಮೇಲೆ ನನ್ನ ಕೈಯ ರೊಟ್ಟಿಯ ಕಡೆ ಕೈ ಚಾಚಿದ.

"ತಾ, ಇತ್ಲಾಗ ಒಂದ ತುಂಡ ಕೊಡು," ಎಂದ.